ಐದರಲ್ಲಿ ಒಂದು

ಸಂಜೆ ಆರಕ್ಕೆ ಶಿಖರದ ಹವಾಮಾನ ಬರುತ್ತದೆ.
ಕಿರುಬೆರಳಿನಿಂದ ಫೋನು ತೆರೆಯುತ್ತೇನೆ,
ಉಳಿದ ಬೆರಳಿಗೆಲ್ಲ ಶನಿವಾರದ ಕೊನೆಯ ಕಣಕ ಅಂಟಿದೆ.

ಊರಿನ ಹವೆಯಲ್ಲ ಇದು.
ಸ್ಪೇ ನದಿಯ ದಂಡೆಗೆ ಬರುವುದು ಬಲು ಸಭ್ಯ:
ಮೋಡ, ಆಗಾಗ ಬಿಸಿಲು, ಒಂಬತ್ತು ಡಿಗ್ರಿ.
ಮೇಲಿನದು ಬೇರೆಯದೇ ಮನೆತನ.
ಅಲ್ಲಿ ಸೊನ್ನೆಗೂ ಒಂದು ಎತ್ತರವಿದೆ,
ನಾಳೆ ಏಳುನೂರು ಮೀಟರು.
ಅದರಾಚೆ ನೀರು ನೀರಾಗಿ ಉಳಿಯುವುದಿಲ್ಲ.

ಒಲೆಯ ಪಕ್ಕ ಕೂತ ಇನ್ನಿಸ್‌ಗೆ ಕೇಳುವಂತೆ ಓದುತ್ತೇನೆ:
ಗಾಳಿ ನೈರುತ್ಯದಿಂದ, ಗಂಟೆಗೆ ಐವತ್ತು ಮೈಲಿ,
ಹೊತ್ತೇರಿದಂತೆ ಅರವತ್ತೈದು.
ತೆರೆದ ಏಣುಗಳಲ್ಲಿ ನಿಲ್ಲುವುದೂ ಕಷ್ಟ.
ಮೋಡವಿಲ್ಲದ ಶಿಖರದ ಸಾಧ್ಯತೆ, ನೂರಕ್ಕೆ ಇಪ್ಪತ್ತು.

ಇಪ್ಪತ್ತೆಂದರೆ ಐದರಲ್ಲಿ ಒಂದು, ಎನ್ನುತ್ತಾನೆ.
ನಲವತ್ತು ವರ್ಷ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತವನು.
ಐದು ರೈಲಿನಲ್ಲಿ ಒಂದು ಹೊತ್ತಿಗೆ ಸರಿಯಾಗಿ ಬಂದರೆ
ನಮಗೆ ಅವತ್ತು ಹಬ್ಬ, ಎನ್ನುತ್ತಾನೆ.
ಎದ್ದು ಹೋಗಿ ಗೋಡೆಯ ಬ್ಯಾರೋಮೀಟರನ್ನು ತಟ್ಟುತ್ತಾನೆ ಎರಡು ಸಲ,
ಮಲಗಿದವನನ್ನು ಎಬ್ಬಿಸಿ ಹೆಸರು ಕೇಳುವ ಹಾಗೆ.
ಮುಳ್ಳು ಕೆಳಗೆ ಜಾರಿತು. ಕೂದಲೆಳೆಯಷ್ಟು.
ಏನೂ ಹೇಳದೆ ಬಂದು ಕೂತ.

ನಕಾಶೆ ಹರಡಿದೆವು,
ಮಡಿಕೆಗಳಲ್ಲಿ ಸವೆದು ಎರಡು ಕೆರೆ ಕಾಣೆಯಾದ ನಕಾಶೆ.
ಬ್ರೇರಿಯಾಖ್ ಬೆಟ್ಟವನ್ನು ನನ್ನ ಬೆರಳು ಒಂದು ಕಡೆಯಿಂದ ಹತ್ತಿತು,
ಅವನದು ಇನ್ನೊಂದು ಕಡೆಯಿಂದ.
ಹೋಗುವಾಗ ಎದುರುಗಾಳಿ ಇರಲಿ, ಬರುವಾಗ ಬೆನ್ನಿಗಿರಲಿ,
ದಣಿದ ಮುಖಕ್ಕೆ ಹೊಡೆತ ಬೇಡ ಎಂಬುದು ಅವನ ಸೂತ್ರ.
ನನ್ನದು, ಎದುರುಗಾಳಿಯೇ ಬೇಡ.
ಬೆರಳೆರಡೂ ಸಂಧಿಸಿದಲ್ಲಿ ಚಹಾ ಲೋಟದ ಕಲೆ,
ಸಾವಿರದ ಇನ್ನೂರರ ಗೆರೆಯ ಮೇಲೆ ಕಂದು ಉಂಗುರ.

ಎಂಟಕ್ಕೆ ಮತ್ತೆ ನೋಡಿದೆ. ಅದೇ.
ಹತ್ತಕ್ಕೆ, ಹೊದಿಕೆಯೊಳಗಿನ ಕತ್ತಲಲ್ಲಿ ನೋಡಿದೆ,
ಪರೀಕ್ಷೆಯ ಫಲಿತಾಂಶ ಮತ್ತೆ ಮತ್ತೆ ತೆರೆದು
ಅಂಕ ಬೆಳೆದಿದೆಯೇ ಎಂದು ನೋಡುವ ಹುಡುಗಿಯಂತೆ.
ಐವತ್ತೆಂಟು ನನಗೆ.

ಬೆಳಗ್ಗೆ ಐದೂವರೆ. ಬಾಗಿಲಲ್ಲಿ ಬೂಟು,
ಚೀಲದಲ್ಲಿ ಓಟ್ಸ್ ಬಿಸ್ಕತ್ತು, ಚೀಸು,
ಒಣ ಕಾಲುಚೀಲ ಇನ್ನೊಂದು ಜೊತೆ.
ಇನ್ನಿಸ್ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿ ಇಳಿಸಿದ.
"ಕೆಂಪು ದೀಪ ಹಾಕಿದ್ದಕ್ಕೆ ಎಷ್ಟೋ ಜನ ಬೈದಿದ್ದಾರೆ, ಮಾರ್ಸಲಿ.
ಆಗದೇ ಹೋದ ಅಪಘಾತಕ್ಕೆ ಒಬ್ಬರೂ ಥ್ಯಾಂಕ್ಸ್ ಹೇಳಿಲ್ಲ."

ಹೋಗಲಿಲ್ಲ.
ರಜೆ ಹಾಕಿದ್ದವಳು ಅಂಗಡಿಗೇ ಹೋದೆ.

ಹಿತ್ತಲಿಗೆ ಕಸ ಹಾಕಲು ಬಂದಾಗ ಒಂಬತ್ತು ಗಂಟೆ.
ಬೆಟ್ಟ ಇತ್ತು.
ಪೂರ್ತಿ ಇತ್ತು, ಬುಡದ ಪೈನ್ ಮರಗಳಿಂದ
ನೆತ್ತಿಯ ಕಲ್ಲುಗುಪ್ಪೆಯ ತನಕ,
ಈಗ ತಾನೇ ಒಲೆಯಿಂದ ತೆಗೆದಿಟ್ಟ ಹಾಗೆ.
ಐದರಲ್ಲಿ ಆ ಒಂದು.

ದೂರದ ಬೆಟ್ಟ ನುಣ್ಣಗೆ, ಗೊತ್ತು, ಗೊತ್ತು.
ಏಣಿನ ಅಂಚಿನಲ್ಲಿ ಮಾತ್ರ ಒಂದು ಬಿಳಿ ಎಳೆ,
ಮೇಜಿನ ಮೇಲಿನ ಹಿಟ್ಟನ್ನು ಯಾರೋ ಊದಿದಂತೆ
ಬದಿಗೆ ಹಾರಿ ಹಾರಿ ಮುಗಿಯುತ್ತಿತ್ತು.
ಹಿಮವೋ ಬೆಳಕೋ, ಇಲ್ಲಿಂದ ಹೇಳಲಾಗದು.
ಹಿಮವಿರಲಿ ಎಂದು ಬೇಡಿಕೊಂಡೆ, ನಾಚಿಕೆಯಿಲ್ಲದೆ.

ನಾಲ್ಕಕ್ಕೆ ಇಬ್ಬರು ಹುಡುಗರು ಬಂದರು,
ಕೆನ್ನೆ ಬೀಟ್‌ರೂಟು, ರೆಪ್ಪೆಯಲ್ಲಿ ಇನ್ನೂ ನೀರು.
ಇಬ್ಬರಿಗೆ ಐದು ಪೈ.
"ಕೊನೆಯ ನೂರು ಗಜ ಅಂಬೆಗಾಲಲ್ಲೇ," ಅಂದ ಒಬ್ಬ.
ಏನು ಕಂಡಿತು ಅಂತ ಕೇಳಿದೆ.
ಬಾಯಲ್ಲಿ ತುತ್ತಿತ್ತು. ಕೈ ಅಗಲಿಸಿದ, ಇಷ್ಟು,
ಉಪ್ಪಿನ ಡಬ್ಬಿ ಬೀಳುವಷ್ಟು.

ಮೂಲೆಯ ಮೇಜಿನಲ್ಲಿ ಇನ್ನಿಸ್ ಪತ್ರಿಕೆ ಮಡಚಿದ,
ಬಿಚ್ಚಿದ, ಮತ್ತೆ ಅದೇ ಪುಟ ಓದತೊಡಗಿದ.
ಆಮೇಲೆ ಅವರ ಪೈಗಳ ದುಡ್ಡು ತಾನೇ ಕೊಟ್ಟ.
ಯಾಕೆಂದು ಅವನೂ ಹೇಳಲಿಲ್ಲ.

ಸಂಜೆ ಆರು. ಕಿರುಬೆರಳು.
ಸೋಮವಾರ: ಗಾಳಿ ಹತ್ತು ಮೈಲಿ, ಗಮನಕ್ಕೇ ಬಾರದಷ್ಟು.
ಮೋಡವಿಲ್ಲದ ಶಿಖರ, ನೂರಕ್ಕೆ ತೊಂಬತ್ತು.
ಸೋಮವಾರ ನಾನು ಮೂರಕ್ಕೆದ್ದು ಒಲೆ ಹಚ್ಚಬೇಕು.