ಹೂಂ ಅನ್ನುತ್ತಿರು

ಶಾಲ್ವಾ ಹೋದ ಮೇಲೆ ಆರು ಸುಗ್ಗಿ
ನಮ್ಮ ಗುಡಾಣ ಬಾಯಿ ಮುಚ್ಚಿಕೊಂಡೇ ಇತ್ತು.
ಕುತ್ತಿಗೆಯವರೆಗೆ ನೆಲದಲ್ಲಿ ಹೂತದ್ದು,
ಎರಡು ಸಾವಿರ ಲೀಟರು ಹಿಡಿಯುವಂಥದು,
ಅವನ ಅಜ್ಜ ಎತ್ತಿನ ಗಾಡಿಯಲ್ಲಿ
ಹುಲ್ಲಿನ ಮೇಲೆ ಮಲಗಿಸಿ ತಂದದ್ದು.
ದ್ರಾಕ್ಷಿಯನ್ನು ಟೆಲಾವಿಯ ಕಾರ್ಖಾನೆಗೆ ಹಾಕಿದೆ.
ಕಿಲೋ ಲೆಕ್ಕ, ರಸೀದಿ, ಮುಗಿಯಿತು.
ಮುಚ್ಚಳದ ಕಲ್ಲಿನ ಮೇಲೆ ಈರುಳ್ಳಿ ಒಣಗಿಸುತ್ತಿದ್ದೆ.

ಈ ವರ್ಷ ಕಾರ್ಖಾನೆಯವರು ಬೆಲೆ ಇಳಿಸಿದರು.
ಅಷ್ಟೇ ಕಾರಣ. ಬೇರೆ ಹುಡುಕಬೇಡಿ,
ಪಕ್ಕದ ಮನೆಯ ನಾತೆಲಾ ಹುಡುಕಿದ್ದು ಸಾಕು.
ಗುಡಾಣ ತೊಳೆಯುವ ಜುಂಬೆರ್‌ಗೆ ಹೇಳಿ ಕಳಿಸಿದೆ.

ಬಂದ. ಏಣಿ, ಬಕೆಟ್ಟು, ಚೆರಿ ಮರದ ತೊಗಟೆ ಹೊಲಿದ ಉಜ್ಜುಗೋಲು.
ಸಣಕಲು ಮನುಷ್ಯ; ಗುಡಾಣದ ಬಾಯಿಗೆ
ಅಳತೆ ಕೊಟ್ಟು ಮಾಡಿಸಿದ ಹಾಗಿದ್ದ.
ಹೆಂಡತಿ ತೀರಿಕೊಂಡು ನಾಲ್ಕು ವರ್ಷ ಎಂದು ಊರು ಹೇಳಿತ್ತು,
ಅವನು ಹೇಳಲಿಲ್ಲ.
ಅಂಗಿ ಬಿಚ್ಚುವ ಮುಂಚೆ "ಆ ಕಡೆ ತಿರುಗಿ" ಎಂದ,
ಐವತ್ತೆಂಟರ ನನಗೆ!

ಮೇಣದ ಬತ್ತಿ ಇಳಿಬಿಟ್ಟು, ಉರಿಯುವುದನ್ನು ನೋಡಿಕೊಂಡು,
ಒಳಗೆ ಇಳಿಯುತ್ತ ಹೇಳಿದ:
"ಗಾಳಿ ಯಾವಾಗ ಕೈಕೊಡುತ್ತದೋ ತಿಳಿಯುವುದಿಲ್ಲ.
ಮೇಲಿದ್ದವರು ಮಾತಾಡುತ್ತಿರಬೇಕು,
ಕೆಳಗಿದ್ದವನು ಹೂಂ ಅನ್ನುತ್ತಿರಬೇಕು.
ಹೂಂ ನಿಂತರೆ ಹಗ್ಗ ಎಳೆಯಿರಿ."

ಏನು ಮಾತಾಡಲಿ?
ಆರು ವರ್ಷದಿಂದ ಕೋಳಿಗಳ ಜೊತೆ ಮಾತ್ರ ಆಡಿದ ಬಾಯಿ.
ಆಲಿಕಲ್ಲು ಈ ಸಲ ಕಡಿಮೆ ಎಂದೆ. ಹೂಂ.
ಸಕ್ಕರೆ ಬೆಲೆ. ಹೂಂ.
ಮಗಳು ಬತೂಮಿಯಲ್ಲಿದ್ದಾಳೆ, ಹಲ್ಲಿನ ಡಾಕ್ಟರು. ಹೂಂ.
ಅಲ್ಲಿಗೆ ನನ್ನ ಸರಕು ಖಾಲಿ.

ಒಳಗೋಡಿ ಕೈಗೆ ಸಿಕ್ಕ ಪುಸ್ತಕ ತಂದೆ.
ಕೈಗೆ ಸಿಕ್ಕದ್ದು ಅಂದರೆ ಸುಳ್ಳು.
ಕೊನೆಯ ಚಳಿಗಾಲ ಶಾಲ್ವಾ ನನಗೆ ಓದಿ ಹೇಳುತ್ತಿದ್ದ ಕಾದಂಬರಿ,
ರೈಲ್ವೆ ಸ್ಟೇಷನ್ನಿನಲ್ಲಿ ಕೊಂಡದ್ದು, ಅಗ್ಗದ ಕಾಗದ,
ಗಂಡನನ್ನು ಕಳೆದುಕೊಂಡ ನರ್ಸು, ದೋಣಿ ರಿಪೇರಿಯವನು.
"ಇಂಥದ್ದೆಲ್ಲ ಪುಸ್ತಕದಲ್ಲೇ" ಎಂದು ನಗುತ್ತಿದ್ದ, ಕೆಮ್ಮುತ್ತಿದ್ದ.
ನೂರ ಹನ್ನೆರಡನೇ ಪುಟಕ್ಕೆ ಔಷಧದ ಚೀಟಿ,
ಅವನು ನಿಲ್ಲಿಸಿದ ಕಡೆ.

ನೂರ ಹದಿಮೂರರಿಂದ ಶುರು ಮಾಡಿದೆ,
ಮಂಡಿಯೂರಿ, ಕತ್ತಲೆಯ ಬಾಯಿಗೆ ಬಾಯಿ ಕೊಟ್ಟು.
ಗುಡಾಣ ನನ್ನ ದನಿಯನ್ನು ದೊಡ್ಡದು ಮಾಡಿ ವಾಪಸು ಕೊಡುತ್ತಿತ್ತು,
ಯಾರೋ ಇನ್ನೊಬ್ಬಳು ಓದುತ್ತಿರುವ ಹಾಗೆ,
ನನಗಿಂತ ಧೈರ್ಯದವಳು.
ಉಜ್ಜುವ ಸದ್ದು, ನಡುವೆ ಹೂಂ.
ನರ್ಸು ಬೀಗ ತೆಗೆದಳು. ಹೂಂ.
ಗಂಡನ ಕೋಟನ್ನು ಮೂಸಿ ನೋಡಿದಳು, ವಾಸನೆ ಹೋಗಿತ್ತು.

ಉಜ್ಜುವ ಸದ್ದು ನಿಂತಿತು.
ಹೂಂ ಬರಲಿಲ್ಲ.

"ಏನ್ರೀ" ಎಂದೆ. ಇಲ್ಲ.
ಹೆಸರು ಹಿಡಿದು ಕೂಗಿದೆ. ಜುಂಬೆರ್!
ಹಗ್ಗ ಎಳೆದೆ, ಅಂಗೈ ಸುಲಿಯಿತು,
ಕೋಳಿಗಳು ಚೆಲ್ಲಾಪಿಲ್ಲಿ,
ಬೇಲಿಯ ಮೇಲೆ ನಾತೆಲಾಳ ಕುತ್ತಿಗೆ,
ಇನ್ನೊಂದು ಸಲ ಬೇಡ, ದೇವರೇ,
ಇದೇ ಅಂಗಳದಲ್ಲಿ ಇನ್ನೊಂದು ಸಲ

ಕೆಳಗಿನಿಂದ, ಮೂಗು ಕಟ್ಟಿದ ದನಿ:
"ಇದ್ದೇನೆ. ಇದ್ದೇನೆ.
ಹೂಂ ಅನ್ನುವುದು ಮರೆತೆ.
ಆ ಕೋಟಿನದು... ಇನ್ನೊಂದು ಸಲ ಓದುತ್ತೀರಾ?"

ಬೈದೆ. ಶಾಲ್ವಾನಿಗೂ ಬೈಯದ ಬೈಗುಳವೆಲ್ಲ ಬೈದೆ.
ಹೂಂ, ಹೂಂ, ಹೂಂ ಎಂದ, ಒಂದಕ್ಕೂ ತಪ್ಪದೆ.
ಆಮೇಲೆ ಓದಿದೆ.

ಸಂಜೆ, ಏಳನೇ ಸಲದ ನೀರು ತಿಳಿಯಾಗಿ ಬಂತು.
ತೊಳೆದದ್ದು ಸರಿಯಿದೆ ಎಂದು ತೋರಿಸಲು
ಲೋಟವನ್ನು ಬೆಳಕಿಗೆ ಹಿಡಿದು ಅರ್ಧ ಕುಡಿದ.
ಉಳಿದರ್ಧ ಚೆಲ್ಲಲಿಲ್ಲ. ನನ್ನ ಕೈಗೆ ಕೊಡಲೂ ಇಲ್ಲ.
ಪಕ್ಕಕ್ಕೆ ಸರಿಸಿದ ಮುಚ್ಚಳದ ಕಲ್ಲಿನ ಮೇಲಿಟ್ಟು
ಬೂಟಿನ ದಾರ ಕಟ್ಟುತ್ತ ಕೂತ,
ಬಹಳ ಹೊತ್ತು.

ಮಣ್ಣಿನ ರುಚಿ, ಸ್ವಲ್ಪ ಜೇನುಮೇಣದ್ದು.

ಕತೆ ಇನ್ನೂ ನಲವತ್ತು ಪುಟ ಇದೆ.
ಔಷಧದ ಚೀಟಿಯನ್ನು ನೂರ ಹನ್ನೆರಡರಲ್ಲೇ ಬಿಟ್ಟಿದ್ದೇನೆ,
ಅದು ಅವನ ಪುಟ.
ನೂರ ಐವತ್ತೊಂದಕ್ಕೆ ಚೆರಿ ತೊಗಟೆಯ ಚೂರು ಸಿಕ್ಕಿಸಿದೆ.
ಹಿತ್ತಿಲಲ್ಲಿ ಚಿಕ್ಕ ಗುಡಾಣವೂ ಒಂದಿದೆ ಎಂದೆ.
"ಹೂಂ" ಎಂದ,
ನೆಲದ ಮೇಲೆ ನಿಂತೇ,
ಗಾಳಿ ಧಾರಾಳವಾಗಿದ್ದಾಗ.