ನೂರಕ್ಕೆ ಎಂಟು

ನಕ್ಷತ್ರವೆಂದರೆ ಅಂಥದ್ದೇನಲ್ಲ,
ಆರಲು ಒಪ್ಪದ ಒಂದು ಕೆಂಡ.
ಬರಿಗಣ್ಣಿಗೆ ಕಾಣದು. ಪಟ್ಟಿಯಲ್ಲಿ ಅದಕ್ಕೊಂದು ಉದ್ದನೆಯ ನಂಬರು.
ಶನಿವಾರವಾಡೆಯ ಗೋಡೆಗೆ ಬಳಿದ ಸುಣ್ಣ
ಇನ್ನೂ ಹಸಿಯಿದ್ದಾಗ ಹೊರಟ ಬೆಳಕು
ಈ ಶನಿವಾರ ನಸುಕಿನ ಎರಡೂವರೆಗೆ
ಗಣೇಶಖಿಂಡದ ನನ್ನ ಪರದೆಯ ಮೇಲೆ
ಚುಕ್ಕಿಯಾಗಿ ಬಂದು ಕೂತಿತು.

ಕೂತದ್ದು ಇಳಿಯತೊಡಗಿತು.
ನೂರಿದ್ದದ್ದು ತೊಂಬತ್ತೇಳು, ತೊಂಬತ್ತನಾಲ್ಕು,
ತೊಂಬತ್ತೆರಡಕ್ಕೆ ಬಂದು
ತಳ ಮುಟ್ಟಿದ ಬಿಂದಿಗೆಯ ಹಾಗೆ ಸುಮ್ಮನಾಯಿತು.
ಯಾರೋ ಅಡ್ಡ ಬಂದಿದ್ದಾರೆ.
ಸಣ್ಣವರಲ್ಲ.

ಬರಬಾರದಿತ್ತು, ಲೆಕ್ಕದ ಪ್ರಕಾರ.
ಇಷ್ಟು ಬಡ ನಕ್ಷತ್ರ ಹುಟ್ಟುವಾಗ ಸುತ್ತ ಇದ್ದ ಧೂಳು
ನಾಲ್ಕಾರು ಕಲ್ಲುಂಡೆಗಳಿಗೆ ಸಾಲುತ್ತಿತ್ತು, ಅಷ್ಟೆ.
ಗುರುಗ್ರಹದ ಗಾತ್ರದ ಇದನ್ನು
ಯಾರು, ಯಾವ ಹಿಟ್ಟಿನಲ್ಲಿ ನಾದಿದರು?
ಕರಮರಕರ್ ಸರ್ ಮೂರು ಸಲ ವಾಪಸು ಕಳಿಸಿದರು:
‘ಇನ್ನೊಮ್ಮೆ ನೋಡು, ಜೋಡಿ ನಕ್ಷತ್ರವಿರಬೇಕು.’
ನೋಡಿದೆ.
ಮೂರು ದಿನ ಏಳು ಗಂಟೆಗೊಮ್ಮೆ
ಬಾಡಿಗೆ ವಸೂಲಿಗೆ ಬರುವವನ ಶಿಸ್ತಿನಲ್ಲಿ
ಅದು ಬಂದೇ ಬಂತು.

ನಾಲ್ಕು ಹತ್ತಕ್ಕೆ ಸ್ಕೂಟರ್ ಹತ್ತಿ ಖಡ್ಕಿ ಬಜಾರು.
ಡಿಸೆಂಬರಿನ ಚಳಿ, ಮೂಗಿನ ತುದಿ ನನ್ನದಲ್ಲ.
ಬೇಕರಿಯ ಶಟರ್ ಅರ್ಧ ಮೇಲೆ,
ರಸ್ತೆಗೆ ಚೆಲ್ಲಿದ ಕೆಂಪು ಬೆಳಕಿನ ಒಂದು ತುಂಡು.
ಒಳಗೆ ಮೌಲಾಲಿ ಭಟ್ಟಿಯ ಬಾಯಿಗೆ ಅಡ್ಡ ಹಾದರೆ
ತುಂಡು ಮಂಕಾಗುತ್ತದೆ,
ಹಾದು ಹೋದರೆ ಮತ್ತೆ ತನ್ನ ಬಣ್ಣಕ್ಕೆ ಬರುತ್ತದೆ.
ಆರಡಿ ಮೀರಿದ ಆಳು. ಭಟ್ಟಿಯ ಬಾಯಿ ಒಂದು ಮೊಳ.

ಇಂಡಿಯಿಂದ ಹದಿಮೂರಕ್ಕೆ ಬಂದವನು.
ಮೂವತ್ತೊಂದು ವರ್ಷ
ಬಲಗೆನ್ನೆ ಬೆಂಕಿಗೆ, ಎಡಗೆನ್ನೆ ರಸ್ತೆಗೆ.
ಬಲದ್ದು ತಳ ಹಿಡಿದ ಬೆಲ್ಲದ ಪಾಕ,
ಎಡದ್ದು ಇನ್ನೂ ತಾಯಿ ಕೊಟ್ಟ ಬಣ್ಣದಲ್ಲೇ ಇದೆ.
ಫೋಟೋ ತೆಗೆಯುವಾಗ ಯಾವುದನ್ನು ತೋರಿಸಬೇಕೆಂದು
ಅವನಿಗೆ ಗೊತ್ತಾಗುವುದಿಲ್ಲವಂತೆ.

‘ಯಾಕ್ರೀ ಬಾಯಾರ, ಇವತ್ತೂ ಬಂತೇನು ನಿಮ್ಮ ಗಿರಾಕಿ?’
ಬಂತು ಎಂದೆ. ಧೂಳಿನ ಲೆಕ್ಕ ಹೇಳಿದೆ,
ಹೇಗೆ ಸಾಲದು, ಹೇಗೆ ಆಗಲಾರದು ಎಂದೆಲ್ಲ.
ಉದ್ದ ಹಿಡಿಯ ಸಲಿಕೆ ಒಳಗೆ ತೂರಿಸುತ್ತ ನಕ್ಕ.
‘ಹಿಟ್ಟ ಕಡಿಮಿ ಇದ್ರೂ ಹೊತ್ತು ಕೊಟ್ರ ಉಬ್ಬತೈತ್ರೀ.
ಕಾವಿನ ಹತ್ರ ಇಟ್ರಂತೂ ಕೇಳಬ್ಯಾಡ್ರಿ.’

ಹೆಸರು?
ಹೆಸರಿಲ್ಲ. ನಕ್ಷತ್ರದ ನಂಬರಿನ ಕೊನೆಗೆ ಒಂದು ‘ಬಿ’.
‘ಮತ್ತ ಎ ಯಾರು?’
ಎ ನಕ್ಷತ್ರವೇ. ಬರೆಯುವುದಿಲ್ಲ, ಇದೆ ಎಂದುಕೊಳ್ಳುವುದು.
ಸ್ವಲ್ಪ ಹೊತ್ತು ಕೆಂಡ ಕೆದಕಿದ.
‘ಹಂಗಾರ ಭಟ್ಟಿ ಎ, ನಾ ಬಿ.’

ಆಮೇಲೆ ಕೇಳಿದ್ದು ಯಾವ ಸೆಮಿನಾರಿನಲ್ಲೂ
ನನ್ನನ್ನು ಯಾರೂ ಕೇಳದ್ದು:
‘ಅದಕ್ಕ ಬೆನ್ನ ಐತೇನ್ರೀ?’

ಇದೆ, ಮೌಲಾಲಿ. ಒಂದು ಮುಖ ಸದಾ ಉರಿಗೆ,
ಬೆನ್ನಿಗೆ ಮುಗಿಯದ ರಾತ್ರಿ.
ನಡುವೆ ಗಾಳಿ ಮಾತ್ರ ಓಡಾಡುತ್ತದೆ,
ಈ ಬದಿಯ ಕಾವನ್ನು ಹೊತ್ತು ಆ ಬದಿಗೆ,
ಸದ್ದಿಗಿಂತ ಜೋರಾಗಿ.
ಅವನು ಏನೂ ಅನ್ನದೆ ಬಾಗಿಲ ಕಡೆಗೆ ತಿರುಗಿ
ಒದ್ದೆ ಬನಿಯನ್ನು ಬೆನ್ನ ಮೇಲಿಂದ ಎತ್ತಿ ಹಿಡಿದ.
ಖಡ್ಕಿಯ ಚಳಿ ಒಳಗೆ ಬಂತು.

‘ನೂರು ಪಾವಿಗೆ ಎಂಟು ಕರಕಲಾಗತಾವ.
ಮಾಲಕ ಲೆಕ್ಕ ಹಿಡಿಯಂಗಿಲ್ಲ, ತಗೋರಿ.’
ಎಂಟೇ ಯಾಕೆ ಎಂದು ಕೇಳಲಿಲ್ಲ.
ಕೇಳಿದ್ದರೆ ಏಳು ಅನ್ನುತ್ತಿದ್ದನೋ ಏನೋ.

ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸ್ ಗಾಡಿ ಹಾಯುವವರೆಗೆ ಸ್ಕೂಟರಿನ ಮೇಲೆ ಕೂತೇ
ಕಪ್ಪು ತೊಗಟೆ ಬಿಡಿಸಿದೆ.
ಒಳಗೆ ಬೆಳ್ಳಗೆ, ಹಬೆ.

ಮುಂದಿನ ಹಾಯುವಿಕೆ ಮಂಗಳವಾರ ಒಂಬತ್ತೂವರೆಗೆ.
ಹಗಲು, ಕಾಣಿಸುವುದಿಲ್ಲ. ಕರಮರಕರ್ ಸರ್ ಮೀಟಿಂಗಿನಲ್ಲಿ.
ಆದರೂ ಅದು ಹಾಯುತ್ತದೆ.
ಆ ಹೊತ್ತಿಗೆ ಮೌಲಾಲಿ ಮೈದಾ ಚೀಲಗಳ ಮೇಲೆ
ಭಟ್ಟಿಗೆ ಬೆನ್ನು ಹಾಕಿ ಮಲಗಿರುತ್ತಾನೆ.