ಲಗತ್ತು: ಸೀರಿ ಒಂದು

ಮಾನ್ಯರೇ,
ಕರೆಂಟಿನ ದೂರು ಕೊಡಾಕ ಏನೇನು ಕಾಗದ ಬೇಕಂತ
ನೀವು ಬರದ ಕರಡಿಗೆ ಮಂದಿ ಅಭಿಪ್ರಾಯ ಕೇಳೀರಂತ.
ಬೆಟಗೇರಿಯಿಂದ ಏಳರ ಬಸ್ಸಿಗೆ ಹುಬ್ಬಳ್ಳಿಗೆ ಬಂದೇನಿ.
ಅಂಬವ್ವ ಗಂಜಿ. ಎರಡು ಮಗ್ಗ.
ಮೀಟರಿನ ನಂಬರು ಬಾಯಿಪಾಠ ಐತಿ,
ಮೊಮ್ಮಗ ಹುಟ್ಟಿದ ತಾರೀಖು ಮರತೇನಿ.

ಆರು ಪ್ರತಿ ಅಂದ್ರಿ. ನೋಟರಿ ಸಹಿ ಅಂದ್ರಿ.
ಹೋದ ವ್ಯಾಳ್ಯಾ, ಬಂದ ವ್ಯಾಳ್ಯಾ,
ಹೋಗಿತ್ತು ಅನ್ನೂದಕ್ಕ ಪುರಾವೆ.
ಕತ್ತಲಿ ಯಾರಿಗರೆ ರಸೀದಿ ಕೊಡ್ತದೇನ್ರಿ?

ತಡೀರಿ, ತಂದೇನಿ.
ಈ ಸೀರಿ ಬೆಳಕಿಗೆ ಹಿಡೀರಿ, ಹಿಂಗ.
ಇಲ್ಲಿ ಹೊಕ್ಕು ಸಡಲಾಗೇದಲ್ಲ, ಒಂದು ಬೆರಳಷ್ಟು,
ಅದು ಸೋಮವಾರ ಹನ್ನೊಂದಕ್ಕ ವೋಲ್ಟೇಜ್ ಕುಸದದ್ದು.
ಇದು ಮಂಗಳವಾರ. ಲಾಳಿ ನಡುದಾರ್ಯಾಗ ನಿಂತು
ಮೂವತ್ತು ಎಳಿ ಹರದ್ವು,
ಗಂಟು ಎಣಿಸ್ರಿ ಬೇಕಾರ.
ಬುಧವಾರ ಇದರಾಗಿಲ್ಲ.
ಬುಧವಾರ ನೇಯಲೇ ಇಲ್ಲ.
ಸಾವಕಾರ ಡ್ಯಾಮೇಜ್ ಅಂತ ತಿರುಗಿ ಒಗದ,
ನಾನು ದಫ್ತರ ಅಂತ ಎತ್ತಿ ಇಟ್ಟೆ.

ಬಾಗಲದಾಗ ಕುಂತ ನಿಮ್ಮ ಗುಮಾಸ್ತ, ಪಾಪ, ಸಣ್ಣ ಹುಡುಗ,
ಎ-ಫೋರ್ ಅಳತಿಗೇ ಇರಬೇಕು ಯವ್ವಾ, ಅಂದ.
ಇರವಲ್ದ್ಯಾಕ, ಮಡಚೂದು ನಮಗೇನು ಹೊಸಾದು?
ಮಡಚಿ, ಮತ್ತ ಮಡಚಿ, ಅಂಗೈಲೆ ಸವರಿ ಕೊಟ್ಟೆ.
ಅವ ಸೆರಗಿನ ಮ್ಯಾಲ
'ಸ್ವೀಕರಿಸಲಾಗಿದೆ' ಅಂತ ಮುದ್ರಿ ಒತ್ತಿದ, ಜೋರಾಗಿ,
ಊಟದ ಹೊತ್ತಿತ್ತು ಕಾಣತೈತಿ.
ನ್ಯಾರಳಿ ಬಣ್ಣದ ಶಾಯಿ. ಹತ್ತಿ ಅದನ್ನ ಕುಡೀತು,
ಒಂದೊಂದ ಮಡಿಕಿ ಇಳೀತು.

ನೀವ ಎಣಿಸ್ರಿ ಈಗ.
ಆರನೇದರಾಗ ಸ್ವಲ್ಪ ಮಸುಕೈತಿ,
ಆದರ ಓದಾಕ ಬರ್ತೈತಿ.